ಕಾರ್ಡ್ ಸರಿಯಿತ್ತು, ಕನೆಕ್ಟರಿನೊಳಗೆ ಮಳೆಯಿತ್ತು

ಮಡಿಕೇರಿಯಲ್ಲಿ ನಾನು ಕಂಪ್ಯೂಟರ್ ರಿಪೇರಿ ಶುರು ಮಾಡಿದ ಹೊಸತು. ಆಗ ಕಂಪ್ಯೂಟರಿನಲ್ಲೇ ಟಿವಿ ನೋಡಲು ಒಳಗೆ ಕೂರಿಸುವ ಟಿವಿ ಟ್ಯೂನರ್ ಕಾರ್ಡಿನ ಕಾಲ. ಅಂಥದ್ದೊಂದು ಕಾರ್ಡ್ ನನ್ನ ಎರಡು ದಿನ ತಿಂದಿತ್ತು.

ನಾಪೋಕ್ಲು ಕಡೆಯ ತೋಟದ ಮನೆ, ಜುಲೈ ಮಳೆ. ಕಂಪ್ಯೂಟರ್ ಪರದೆ ಪೂರ್ತಿ ನೀಲಿ, ನಡುವೆ ‘ನೋ ಸಿಗ್ನಲ್’. ಕಾರ್ಡಿಗೆ ಬರುತ್ತಿದ್ದ ಕೇಬಲ್ ಟಿವಿ ವೈರನ್ನೇ ಟಿವಿಗೆ ಚುಚ್ಚಿದರೆ ಚಿತ್ರ ಬರುತ್ತಿತ್ತು, ಸ್ವಲ್ಪ ಚುಕ್ಕೆ ಚುಕ್ಕೆ ಅಷ್ಟೆ. ಹಾಗಾದರೆ ಕಾರ್ಡೇ ಕೆಟ್ಟಿದೆ ಅಂದುಕೊಂಡೆ. ಡ್ರೈವರ್ ತೆಗೆದು ಮತ್ತೆ ಹಾಕಿದೆ, ಕಾರ್ಡ್ ಕೂರುವ ಪಿಸಿಐ ಸ್ಲಾಟ್ ಬದಲಿಸಿದೆ, ಕಡೆಗೆ ವಿಂಡೋಸ್ ಎಕ್ಸ್‌ಪಿಯನ್ನೇ ಹೊಸದಾಗಿ ಹಾಕಿದೆ. ಮರುದಿನ ಬೇರೆ ಕಾರ್ಡ್ ಒಯ್ದೆ. ಅದರಲ್ಲೂ ನೀಲಿ. ಯಜಮಾನರು ಕಾಫಿ ಕೊಡುತ್ತಾ, ‘ಏನಪ್ಪ, ಟಿವಿಯನ್ನೇ ತಂದು ಇದರ ಪಕ್ಕ ಇಟ್ಟುಕೊಂಡಿದ್ದರೆ ಆಗ್ತಿತ್ತಲ್ಲ?’ ಎಂದರು. ನನ್ನ ಹತ್ತಿರ ಉತ್ತರವಿರಲಿಲ್ಲ.

ಕೊನೆಗೆ ಕೊಡೆ ಹಿಡಿದು ವೈರಿನ ಹಿಂದೆ ಹೊರಟೆ. ಸೂರಿನಡಿ ಒಂದು ವೈರಿನ ಸಿಗ್ನಲನ್ನು ನಾಲ್ಕಕ್ಕೆ ಹಂಚುವ ನಾಲ್ಕು ದಾರಿಯ ಸ್ಪ್ಲಿಟರ್. ವೈರಿನ ತುದಿಯ ತಿರುಗಿಸಿ ಬಿಗಿಯುವ ಎಫ್ ಕನೆಕ್ಟರನ್ನು ತಿರುಗಿಸಿ ಎಳೆದರೆ ಒಂದು ಹನಿ ನೀರು ನನ್ನ ಬೆರಳಿಗೇ ಬಿತ್ತು. ನಡುತಂತಿ ಹಸಿರುಗಟ್ಟಿತ್ತು, ಸುತ್ತಲಿನ ಜಾಲರಿ ಕಪ್ಪಾಗಿ ಮುಟ್ಟಿದರೆ ಉದುರುತ್ತಿತ್ತು. ಸುಮಾರು ಒಂದಡಿ ಕತ್ತರಿಸಿದ ಮೇಲೆ ಹೊಳೆಯುವ ತಂತಿ ಸಿಕ್ಕಿತು. ಹೊಸ ಕನೆಕ್ಟರ್ ಹಾಕಿ, ನೀರು ವೈರಿಗುಂಟ ಒಳಗಿಳಿಯದ ಹಾಗೆ ಕನೆಕ್ಟರಿಗೆ ಮುಂಚೆ ವೈರನ್ನು ಕೆಳಕ್ಕೆ ಬಳುಕಿಸಿ ಕಟ್ಟಿದೆ. ನಾಲ್ಕರಲ್ಲಿ ಎರಡೇ ದಾರಿ ಬಳಕೆಯಲ್ಲಿದ್ದವು. ನಾಲ್ಕು ದಾರಿಯದ್ದು ಸಿಗ್ನಲ್ ಬಲದಲ್ಲಿ ಸುಮಾರು 7 ಡೆಸಿಬೆಲ್ ನುಂಗುತ್ತದೆ, ಎರಡು ದಾರಿಯದ್ದು ಅದರ ಅರ್ಧ. ಅದನ್ನೂ ಬದಲಿಸಿದೆ. ಹಳೇ ಕಾರ್ಡಿನಲ್ಲೇ ಸ್ಕ್ಯಾನ್ ಕೊಟ್ಟೆ, ಚಾನೆಲ್‌ಗಳು ಸಾಲುಗಟ್ಟಿ ಬಂದವು.

ನಾನು ಮೋಸಹೋದದ್ದು ಟಿವಿಯನ್ನು ನಂಬಿ. ಸಿಗ್ನಲ್ ಸೊರಗಿದರೂ ಹಳೇ ಟಿವಿ ಸಿಕ್ಕಿದ್ದನ್ನು ಚುಕ್ಕೆ ಸಮೇತ ತೋರಿಸುತ್ತಿತ್ತು. ಕಾರ್ಡಿನ ಸಾಫ್ಟ್‌ವೇರ್ ಹಾಗಲ್ಲ, ಚಿತ್ರವನ್ನು ಜಾಗಕ್ಕೆ ಕೂರಿಸುವ ಸಿಂಕ್ ಸಂಕೇತ ಹಿಡಿಯಲಾಗದಿದ್ದರೆ ಪರದೆಯನ್ನೇ ಮುಚ್ಚಿಬಿಡುತ್ತಿತ್ತು. ಅಲ್ಲಿಂದ ಮೊದಲು ವೈರು, ಆಮೇಲೆ ಸೆಟ್ಟಿಂಗ್, ಸ್ಕ್ರೂಡ್ರೈವರ್ ಕೊನೆಗೆ. ಸೆಟ್ಟಿಂಗಿನಲ್ಲಿ ದೇಶ ಅಮೆರಿಕ ಅಂತಿದ್ದರೆ ಕಾರ್ಡ್ ಅಲ್ಲಿನ ಎನ್‌ಟಿಎಸ್‌ಸಿ ಮಾದರಿಯ ಟಿವಿ ಸಿಗ್ನಲ್ ಹುಡುಕುತ್ತಿತ್ತು, ನಮ್ಮದು ಪಾಲ್ ಮಾದರಿ. ಕುಶಾಲನಗರದ ಒಂದು ಮನೆಯಲ್ಲಿ ‘ಕೇಬಲ್’ ಬದಲು ‘ಆಂಟೆನಾ’ ಆರಿಸಿದ್ದಕ್ಕೇ ಅರ್ಧ ಚಾನೆಲ್ ಕಾಣೆಯಾಗಿದ್ದವು. ಎರಡು ನಿಮಿಷದ ಕೆಲಸ, ದುಡ್ಡು ಕೇಳಲು ನಾಚಿಕೆಯಾಯಿತು.

2012ರಲ್ಲಿ ಮಹಾನಗರಗಳಿಂದ ಶುರುವಾದ ಡಿಜಿಟಲ್ ಕೇಬಲ್ ನಮ್ಮ ಕಡೆಗೂ ಬಂದ ಮೇಲೆ ‘ನೋ ಸಿಗ್ನಲ್’ ಕರೆ ಮತ್ತೆ ಹೆಚ್ಚಿತು. ಈ ಸಲ ವೈರೂ ಸರಿ, ಕಾರ್ಡೂ ಸರಿ. ಕಾರ್ಡ್ ಹುಡುಕುವ ಅನಲಾಗ್ ಸಿಗ್ನಲ್ಲೇ ವೈರಿನಲ್ಲಿಲ್ಲ. ಸೆಟ್‌ಟಾಪ್ ಬಾಕ್ಸಿನ ಹಳದಿ ವೈರನ್ನು ಕಾರ್ಡಿಗೆ ಚುಚ್ಚಿ, ಸಾಫ್ಟ್‌ವೇರಿನಲ್ಲಿ ಟ್ಯೂನರ್ ಬಿಟ್ಟು, ಆ ಹಳದಿ ವೈರಿನ ಚಿತ್ರಕ್ಕಿರುವ ‘ಕಾಂಪೋಸಿಟ್’ ಆರಿಸಬೇಕಿತ್ತು. ಧ್ವನಿಯ ಕೆಂಪು-ಬಿಳಿ ವೈರು ಸೌಂಡ್ ಕಾರ್ಡಿನ ಲೈನ್ ಇನ್‌ಗೆ. ಅದನ್ನು ಮರೆತು ಬಂದ ಮನೆಗಳಿಂದ ಮರುದಿನ ಬೆಳಿಗ್ಗೆಯೇ ಫೋನು: ‘ಚಿತ್ರ ಬಂತು ಮಾರಾಯ, ಮಾತೇ ಇಲ್ಲ!’