ಕೋಲಾರದಿಂದ ನ್ಯೂಯಾರ್ಕಿಗೆ ಹೋಗುವವರು ಹೈಲೈನ್ ಮೇಲೆ ನಡೆಯುವ ಮುನ್ನ

ಮಕ್ಕಳನ್ನು ನೋಡಲೆಂದು ನ್ಯೂಜೆರ್ಸಿಗೆ ಹೋಗಿ ಬರುವ ತಂದೆತಾಯಂದಿರು ಕೋಲಾರದ ನಮ್ಮ ಬೀದಿಯಲ್ಲೇ ಮೂರು ನಾಲ್ಕು ಮನೆಗಳಲ್ಲಿದ್ದಾರೆ. ಅವರಲ್ಲಿ ಯಾರು ಹೊರಟರೂ, ಹೈಲೈನ್‌ಗೆ ಅರ್ಧ ದಿನ ಎತ್ತಿಡಿ ಎಂದು ನಾನು ಹೇಳುತ್ತೇನೆ. ಮ್ಯಾನ್‌ಹಟನ್‌ನ ಪಶ್ಚಿಮ ಭಾಗದಲ್ಲಿ, ಉಕ್ಕಿನ ಕಂಬಗಳ ಮೇಲೆ ರಸ್ತೆಗಿಂತ ಸುಮಾರು ಮೂವತ್ತು ಅಡಿ ಎತ್ತರದಲ್ಲಿ ಸಾಗುವ ಹಳೆಯ ಗೂಡ್ಸ್ ರೈಲು ಮಾರ್ಗವೇ ಈಗ 2.3 ಕಿಲೋಮೀಟರ್ ಉದ್ದದ ಉದ್ಯಾನವಾಗಿದೆ. ಪ್ರವೇಶ ಶುಲ್ಕವಿಲ್ಲ.

ನಾವು ಎಡಿಸನ್‌ನಲ್ಲಿರುವ ಮಗಳ ಮನೆಯಿಂದ ಲೋಕಲ್ ರೈಲಿನಲ್ಲಿ ಪೆನ್ ಸ್ಟೇಷನ್ನಿಗೆ ಹೋಗಿ, ಅಲ್ಲಿಂದ 34ನೇ ಬೀದಿಯಲ್ಲಿ ಪಶ್ಚಿಮಕ್ಕೆ ನಡೆದೆವು. ಮಂಡಿನೋವಿರುವವರು ಈ ತುದಿಯಿಂದಲೇ ಆರಂಭಿಸುವುದು ಒಳ್ಳೆಯದು; ಇಲ್ಲಿ ಮೆಟ್ಟಿಲುಗಳ ಬದಲು ನಿಧಾನವಾಗಿ ಏರುವ ಇಳಿಜಾರು ದಾರಿಯಿದೆ. ಉದ್ಯಾನ ಬೆಳಗ್ಗೆ 7ಕ್ಕೆ ತೆರೆಯುತ್ತದೆ. ನಾವು ಜುಲೈ ತಿಂಗಳ ಒಂದು ಭಾನುವಾರ ಹನ್ನೊಂದು ಗಂಟೆಗೆ ಹೋಗಿ, ನೆರಳೂ ಇಲ್ಲದೆ ಕೂರಲು ಜಾಗವೂ ಸಿಗದೆ ಬಹಳ ದಣಿದೆವು. ಆದ್ದರಿಂದ ವಾರದ ದಿನವೊಂದರಲ್ಲಿ, ಬೆಳಗ್ಗೆ ಬೇಗನೆ, ಟೋಪಿ ಮತ್ತು ನೀರಿನ ಬಾಟಲಿಯೊಂದಿಗೆ ಹೋಗಿ.

ಅಲ್ಲಿಗೆ ಹೋಗುವ ಮೊದಲು ಆ ಹಳಿಯ ಕಥೆ ತಿಳಿದಿದ್ದರೆ ನೋಟವೇ ಬೇರೆಯಾಗುತ್ತದೆ. ಮೊದಲು ಗೂಡ್ಸ್ ರೈಲುಗಳು ಹತ್ತನೇ ಅವೆನ್ಯೂ ರಸ್ತೆಯ ಮೇಲೆಯೇ ಓಡುತ್ತಿದ್ದವು; ಅವುಗಳಿಗೆ ಸಿಕ್ಕಿ ಸತ್ತವರು ಎಷ್ಟೋ ಮಂದಿಯಾದ್ದರಿಂದ ಜನ ಅದನ್ನು ಸಾವಿನ ರಸ್ತೆಯೆಂದೇ ಕರೆದರು, ರೈಲಿನ ಮುಂದೆ ಕುದುರೆ ಸವಾರರು ಎಚ್ಚರಿಕೆ ನೀಡುತ್ತಾ ಸಾಗಬೇಕಾಯಿತು. 1934ರಲ್ಲಿ ಮಾರ್ಗವನ್ನು ಮೇಲಕ್ಕೆತ್ತಿ, ಮಾಂಸ, ಹಾಲು ಮುಂತಾದ ಸರಕು ನೇರವಾಗಿ ಕಾರ್ಖಾನೆ ಮತ್ತು ಗೋದಾಮುಗಳ ಮೇಲಂತಸ್ತಿಗೇ ತಲುಪುವಂತೆ ಮಾಡಿದರು. ಲಾರಿಗಳ ಕಾಲ ಬಂದ ಮೇಲೆ ಸರಕು ಕಡಿಮೆಯಾಗಿ, 1980ರಲ್ಲಿ ಕೊನೆಯ ರೈಲು ಓಡಿತು. ಕೆಡವಬೇಕೆಂಬ ಒತ್ತಡದ ನಡುವೆ 1999ರಲ್ಲಿ ಜೋಶುವಾ ಡೇವಿಡ್ ಮತ್ತು ರಾಬರ್ಟ್ ಹ್ಯಾಮಂಡ್ ಎಂಬ ಇಬ್ಬರು ನಿವಾಸಿಗಳು ಅದನ್ನು ಉಳಿಸಿಕೊಳ್ಳಲು ಸಂಘ ಕಟ್ಟಿದರು. 2009ರಲ್ಲಿ ಮೊದಲ ಭಾಗ ತೆರೆಯಿತು.

ದಾರಿಯುದ್ದಕ್ಕೂ ಹಲವೆಡೆ ಹಳಿಗಳನ್ನು ಉಳಿಸಿಕೊಂಡಿದ್ದಾರೆ. ಕಾಂಕ್ರೀಟ್ ಹಾಸುಗಳು ಬಾಚಣಿಗೆಯ ಹಲ್ಲುಗಳಂತೆ ತೆಳುವಾಗುತ್ತಾ ಗಿಡಗಳ ನಡುವೆ ಕೊನೆಗೊಳ್ಳುತ್ತವೆ, ಆ ಸಂದಿಗಳಲ್ಲಿ ಹುಲ್ಲು ಮೇಲೇಳುತ್ತದೆ. ರೈಲು ನಿಂತ ಮೇಲೆ ಅಲ್ಲಿ ತಾನಾಗಿ ಬೆಳೆದಿದ್ದ ಕಾಡುಗಿಡಗಳನ್ನು ನೋಡಿಯೇ ಪೀಟ್ ಔಡಾಲ್ಫ್ ಎಂಬ ಉದ್ಯಾನ ವಿನ್ಯಾಸಕಾರರು ಗಿಡಗಳನ್ನು ಆರಿಸಿದರಂತೆ. ನನ್ನ ಹೆಂಡತಿ ಬಗ್ಗಿ, ತುಕ್ಕು ಹಿಡಿದ ಹಳಿಯ ಮೇಲೆ ಅಂಗೈಯಿಟ್ಟು, "ನಮ್ಮ ಹಳೇ ರೈಲಿನ ಹಳಿ ಇದರ ಅರ್ಧದಷ್ಟೇ ಅಗಲ ಇತ್ತಲ್ವಾ?" ಎಂದಳು. ಅವಳ ಅಂದಾಜು ಹೆಚ್ಚುಕಡಿಮೆ ಸರಿಯೇ: ಎರಡು ಹಳಿಗಳ ನಡುವಿನ ಅಂತರ ಅಲ್ಲಿ ನಾಲ್ಕು ಅಡಿ ಎಂಟೂವರೆ ಅಂಗುಲ, ಕೋಲಾರದ ನಮ್ಮ ಹಳೆಯ ನ್ಯಾರೋಗೇಜ್ ಮಾರ್ಗದಲ್ಲಿ ಎರಡೂವರೆ ಅಡಿ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಉದ್ಯಾನದ ಸೊಬಗಿಗಿಂತ ಅಲ್ಲಿನ ಕಾನೂನು. ಓಡಾಟ ನಿಂತ ರೈಲು ಮಾರ್ಗವನ್ನು ತುಂಡು ತುಂಡಾಗಿ ಮಾರದೆ, ಮುಂದೆಂದಾದರೂ ರೈಲು ಬೇಕಾದರೆ ಬಳಸುವಂತೆ ಇಡಿಯಾಗಿ ಕಾಪಾಡಿ, ಅಲ್ಲಿಯವರೆಗೆ ನಡಿಗೆಯ ದಾರಿಯಾಗಿಸಲು ಅಮೆರಿಕದಲ್ಲಿ 1983ರ ತಿದ್ದುಪಡಿಯೊಂದು ಅವಕಾಶ ಕೊಟ್ಟಿದೆ. ಹೈಲೈನ್ ಉಳಿದದ್ದು ಅದೇ ಏರ್ಪಾಡಿನಿಂದ. ಆದರೆ ನಡಿಗೆಯ ದಾರಿಯಾದ ಮೇಲೆ ರೈಲು ಹಿಂದೆ ಬೀಳುವುದೂ ಉಂಟು. ಅಮೆರಿಕದ ಇನ್ನೊಂದು ನಗರ ಅಟ್ಲಾಂಟಾದಲ್ಲಿ ಊರನ್ನು ಸುತ್ತುವ ಸುಮಾರು 35 ಕಿಲೋಮೀಟರ್ ಹಳೆಯ ರೈಲು ಮಾರ್ಗಗಳಲ್ಲಿ ಟ್ರಾಮ್ ಓಡಿಸಬೇಕೆಂದು ರಯಾನ್ ಗ್ರಾವೆಲ್ ಎಂಬ ವಿದ್ಯಾರ್ಥಿ 1999ರ ತಮ್ಮ ಪ್ರಬಂಧದಲ್ಲಿ ಸೂಚಿಸಿದ್ದರು. ನಡಿಗೆದಾರಿ ಮತ್ತು ಉದ್ಯಾನಗಳು ಮೊದಲು ಬಂದವು, ಟ್ರಾಮ್ ಹಿಂದೆ ಉಳಿಯಿತು. ಉದ್ಯಾನಕ್ಕೆ ಒಪ್ಪಿದ ಜನ ಟ್ರಾಮನ್ನು ಮರೆಯಬಾರದೆಂಬುದು ನನ್ನ ಅನಿಸಿಕೆ; ಮುದುಕರಿಗೆ ಎರಡೂ ಬೇಕು.

1913ರಲ್ಲಿ ಬಂಗಾರಪೇಟೆಯಿಂದ ಕೋಲಾರಕ್ಕೆ ಬಂದು, ಮುಂದೆ ಚಿಂತಾಮಣಿಯ ಮೂಲಕ ಚಿಕ್ಕಬಳ್ಳಾಪುರ ಮುಟ್ಟಿದ ನಮ್ಮ ಮಾರ್ಗದಲ್ಲೂ ಕೋಲಾರದಿಂದಾಚೆಗೆ ವರ್ಷಗಟ್ಟಲೆ ರೈಲಿರಲಿಲ್ಲ. ಜಾಗ ರೈಲ್ವೆಯ ಕೈಯಲ್ಲೇ ಉಳಿದಿದ್ದರಿಂದ 2013ರಲ್ಲಿ ಬ್ರಾಡ್‌ಗೇಜ್ ರೈಲು ಬರಲು ಸಾಧ್ಯವಾಯಿತು. ಆ ರೈಲಿನಲ್ಲಿ ಓಡಾಡುವವರಿಗೆ ಹೈಲೈನ್‌ನ ಬೆಲೆ ಬೇಗ ತಿಳಿಯುತ್ತದೆ.

ದಕ್ಷಿಣದ ತುದಿ ಗ್ಯಾನ್ಸ್‌ವೂರ್ಟ್ ಬೀದಿ. ಅಲ್ಲಿ ಇಳಿಯಲು ಲಿಫ್ಟ್ ಇದೆ. ಅದಕ್ಕೂ ಮೊದಲು, 16ನೇ ಬೀದಿಯ ಬಳಿ ಕೆಳಗಿಳಿದರೆ ಚೆಲ್ಸಿ ಮಾರ್ಕೆಟ್‌ನಲ್ಲಿ ಊಟ ಸಿಗುತ್ತದೆ; ಬೆಲೆ ಹೆಚ್ಚು, ನಾವು ಮಗಳು ಕಟ್ಟಿಕೊಟ್ಟಿದ್ದ ಚಿತ್ರಾನ್ನವನ್ನು ಮೇಲಿನ ಮರದ ಬೆಂಚಿನ ಮೇಲೆಯೇ ಕುಳಿತು ತಿಂದೆವು.