ಹಳದಿ ಚೀಟಿಯ ಮೇಲಿನ ಸಹಿ

ಧಾರವಾಡ ಕೃಷಿ ಕಾಲೇಜಿನ ಹಳೆಯ ವಿದ್ಯಾರ್ಥಿಗಳು ಸೇರಿದ್ದ ಅಕ್ಟೋಬರಿನ ಒಂದು ಭಾನುವಾರ. ಬೆಳಿಗ್ಗೆ ಹೆಸರು ಬರೆಸುವ ಮೇಜಿನ ಹತ್ತಿರ ಎಲ್ಲರ ಕೈಗೂ ಒಂದೊಂದು ಹಾಳೆ ಬಂತು. ಸ್ಮರಣ ಸಂಚಿಕೆಗೆ ಬೇಕಾದ ವಿವರ: ಓದಿದ ವರ್ಷ, ಹಿಡಿದ ಹುದ್ದೆ, ಪಡೆದ ಪ್ರಶಸ್ತಿ, ಪ್ರಕಟವಾದ ಪ್ರಬಂಧಗಳ ಸಂಖ್ಯೆ, ಕೊನೆಗೆ ‘ಗಮನಾರ್ಹ ಸಾಧನೆ’ ಎಂದು ಬರೆದು ಕೆಳಗೆ ಎರಡು ಗೆರೆಯಷ್ಟು ಜಾಗ. ಮೊದಲಿನ ನಾಲ್ಕು ಅಂಕಣ ಉಪ್ಪಿಟ್ಟು ಮುಗಿಯುವುದರೊಳಗೆ ತುಂಬಿದವು. ಐದನೆಯದರ ಮುಂದೆ ಎಲ್ಲರ ಪೆನ್ನೂ ನಿಂತಿತು.

ಶೇಂಗಾ ತಳಿ ಸಂಶೋಧನೆಯಲ್ಲೇ ನೌಕರಿ ಸವೆಸಿದ ಹಿರಿಯರೊಬ್ಬರು ಹಾಳೆಯನ್ನು ಮಡಚಿ ಮೇಜಿನ ಮೇಲಿಟ್ಟರು. “ನಾ ಮಾಡಿದ್ದು ಅಂತ ಬರದ್ರ ಸುಳ್ಳು ಆಗತೈತಿ. ನಾವು ಮಾಡಿದ್ದು ಅಂತ ಬರದ್ರ, ನಾವು ಅಂದ್ರ ಯಾರ್ರೀ ಅಂತ ಕೇಳ್ತಾರ. ಅದಕ್ಕ ಎರಡು ಗೆರಿ ಎಲ್ಲಿ ಸಾಕು?”

ಆ ದಿನದ ಮಾತೆಲ್ಲ ಸುತ್ತಿ ಸುತ್ತಿ ಅಲ್ಲಿಗೇ ಬಂತು. ಕೃಷಿ ಓದಿದವರ ಸಾಧನೆಯನ್ನು ಯಾವುದರಿಂದ ಅಳೆಯಬೇಕು, ಅದನ್ನು ಹೇಗೆ ಬರೆದಿಡಬೇಕು ಎನ್ನುವುದು ಸಣ್ಣ ಪ್ರಶ್ನೆಯಲ್ಲ. ಈ ಕಾಲೇಜು ಶುರುವಾದದ್ದು 1947ರಲ್ಲಿ, ಧಾರವಾಡ ಇನ್ನೂ ಮುಂಬಯಿ ಪ್ರಾಂತ್ಯದಲ್ಲಿದ್ದಾಗ. ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವಾದ ಮೇಲೆ ಅದರೊಳಗೆ ಸೇರಿತು. 1986ರ ಅಕ್ಟೋಬರ್ 1ರಂದು ಧಾರವಾಡಕ್ಕೇ ತನ್ನದೊಂದು ಕೃಷಿ ವಿಶ್ವವಿದ್ಯಾಲಯ ಸಿಕ್ಕಿತು. ಇಷ್ಟು ವರ್ಷಗಳಲ್ಲಿ ಇಲ್ಲಿಂದ ಹೊರಬಿದ್ದವರು ಬೀಜ, ಮಣ್ಣು, ಕೀಟ, ಬ್ಯಾಂಕು, ಇಲಾಖೆ ಎಂದು ಎಲ್ಲ ಕಡೆ ಹಂಚಿಹೋಗಿದ್ದಾರೆ. ಸನ್ಮಾನದ ಶಾಲು ಮಾತ್ರ ಯಾವಾಗಲೂ ಒಬ್ಬರ ಹೆಗಲಿಗೇ ಬೀಳುತ್ತದೆ.

ವೇದಿಕೆಯಿಂದ ಮೊದಲು ಕೇಳಿಬಂದ ಹೆಸರು ವರಲಕ್ಷ್ಮಿ. ಧಾರವಾಡದಲ್ಲಿ ಹತ್ತಿಯ ಮಾತು ಎತ್ತಿದರೆ ಅಲ್ಲಿಂದಲೇ ಶುರುವಾಗಬೇಕು. ಡಾ. ಬಿ.ಎಚ್. ಕಟರಕಿ ಅವರು 1972ರಲ್ಲಿ ಕೊಟ್ಟ ಈ ಹೈಬ್ರಿಡ್‌ನ ತಾಯಿ ‘ಲಕ್ಷ್ಮಿ’, ಈ ಭಾಗದ ರೈತರಿಗೆ ಮೊದಲೇ ಗೊತ್ತಿದ್ದ ಹಿರ್ಸುಟಂ ಹತ್ತಿ. ತಂದೆ ಎಸ್‌ಬಿ 289ಇ, ಉದ್ದ ಎಳೆಯ ಬಾರ್ಬಡೆನ್ಸ್ ಹತ್ತಿ. ಎರಡು ಬೇರೆ ಬೇರೆ ಪ್ರಭೇದಗಳನ್ನು ಕೂಡಿಸಿ ರೈತನ ಹೊಲದ ತನಕ ತಂದ ದೇಶದ ಮೊದಲ ಹತ್ತಿ ಹೈಬ್ರಿಡ್ ಅದು. ಆಮೇಲೆ ಬಂದ ಡಿಸಿಎಚ್-32 ಅದೇ ಜಾಡಿನದು, ರೈತರ ಬಾಯಲ್ಲಿ ಅದು ಜಯಲಕ್ಷ್ಮಿ. ಕಟರಕಿಯವರ ಹೆಸರು ಉಳಿಯಬೇಕಾದದ್ದೇ, ಉಳಿದಿದೆ. ಆದರೆ ಹೈಬ್ರಿಡ್ ಹತ್ತಿ ಹೊಲಕ್ಕೆ ಬರಬೇಕಾದರೆ ಪ್ರತಿ ವರ್ಷವೂ ಬೀಜವನ್ನು ಹೊಸದಾಗಿ ಮಾಡಬೇಕು. ಒಂದೊಂದು ಹೂವಿನಲ್ಲೂ ಕೈಯಿಂದ. ಆ ಕೆಲಸ ಹಾಳೆಯ ಯಾವ ಅಂಕಣದಲ್ಲೂ ಕೂರುವುದಿಲ್ಲ.

ಮಧ್ಯಾಹ್ನದ ಊಟಕ್ಕೆ ಮುಂಚೆ ಶೇಂಗಾ ಹಿರಿಯರ ಸರದಿ. ಪ್ರಶಸ್ತಿಗಳ ಪಟ್ಟಿ ಓದುವ ಬದಲು ಅವರು ಜಿಪಿಬಿಡಿ-4 ಎಂಬ ಶೇಂಗಾ ತಳಿ ಹೇಗಾಯಿತು ಎನ್ನುವುದನ್ನೇ ಹೇಳಿದರು. ತಳಿಯ ಹೆಸರಿನಲ್ಲಿರುವುದು ವಿಭಾಗದ ಹೆಸರು: ಜೆನೆಟಿಕ್ಸ್ ಅಂಡ್ ಪ್ಲಾಂಟ್ ಬ್ರೀಡಿಂಗ್, ಧಾರವಾಡ. ತಾಯಿ ಕೆಆರ್‌ಜಿ-1. ತಂದೆ ಸಿಎಸ್-16, ಅದರಲ್ಲಿ ಕಾಡು ಶೇಂಗಾದ ರಕ್ತವಿದೆ. ತುಕ್ಕು ರೋಗ ಮತ್ತು ತಡವಾಗಿ ಬರುವ ಎಲೆಚುಕ್ಕೆ ರೋಗ, ಎರಡನ್ನೂ ತಡೆಯುವ ಗುಣ ಬಂದದ್ದು ಅಲ್ಲಿಂದ. ಮುಂದೆ ಬೇರೆ ಸಂಸ್ಥೆಗಳು ತಮ್ಮ ಜನಪ್ರಿಯ ತಳಿಗಳಿಗೆ ತುಕ್ಕು ನಿರೋಧಕ ಗುಣ ಸೇರಿಸಲು ಇದನ್ನೇ ದಾನಿಯಾಗಿ ಬಳಸಿದವು. ತಳಿಯೊಂದಕ್ಕೆ ಇದಕ್ಕಿಂತ ದೊಡ್ಡ ಗೌರವ ಬೇಕಿಲ್ಲ.

ರೋಗ ತಡೆಯುತ್ತದೆ ಎಂದು ಹೇಳಬೇಕಾದರೆ ಮೊದಲು ರೋಗ ಬರಿಸಬೇಕು. ಪರೀಕ್ಷೆಯ ಸಾಲುಗಳ ನಡುನಡುವೆ, ಎಂಟು ಹತ್ತು ಸಾಲಿಗೊಂದರಂತೆ, ಬೇಗ ರೋಗಕ್ಕೆ ತುತ್ತಾಗುವ ತಳಿಯನ್ನು ಬಿತ್ತುತ್ತಾರೆ. ಬೆಳೆ ಒಂದೂವರೆ ತಿಂಗಳಿನದಾಗುವ ಹೊತ್ತಿಗೆ ರೋಗ ಬಿದ್ದ ಎಲೆಗಳ ಬೀಜಾಣುಗಳನ್ನು ನೀರಿನಲ್ಲಿ ಕಲಸಿ ಸಂಜೆ ಹೊತ್ತು ಸಿಂಪಡಿಸುತ್ತಾರೆ. ಬೆಳಿಗ್ಗೆ ಸಿಂಪಡಿಸಿದರೆ ಬಿಸಿಲಿಗೆ ಎಲೆ ಒಣಗಿ ಬೀಜಾಣು ಮೊಳೆಯುವುದೇ ಇಲ್ಲ, ಇಡೀ ವರ್ಷದ ಪರೀಕ್ಷೆ ಹಾಳು. ರೋಗ ಸರಿಯಾಗಿ ಹರಡದ ವರ್ಷದಲ್ಲಿ ಎಲ್ಲ ತಳಿಗಳೂ ಒಳ್ಳೆಯವಾಗಿಯೇ ಕಾಣುತ್ತವೆ, ಅಂಥ ವರ್ಷದ ಅಂಕಿಗಳನ್ನು ನಂಬಿದವರು ಮುಂದೆ ರೈತನ ಎದುರು ತಲೆ ತಗ್ಗಿಸಬೇಕಾಗುತ್ತದೆ. ಆಮೇಲೆ ಎಪ್ಪತ್ತು, ಎಂಬತ್ತು, ತೊಂಬತ್ತನೆಯ ದಿನ ಸಾಲು ಸಾಲಾಗಿ ಕೂತು ಎಲೆ ತಿರುಗಿಸಿ 1ರಿಂದ 9ರವರೆಗೆ ಅಂಕ ಹಾಕಬೇಕು. ರೋಗವೇ ಇಲ್ಲದಿದ್ದರೆ 1, ಎಲೆಯ ಶೇ. 80ಕ್ಕಿಂತ ಹೆಚ್ಚು ಭಾಗ ಹೋಗಿದ್ದರೆ 9.

ಹೊಸಬರು ಎಡವುವುದು ಎರಡೂ ರೋಗ ಒಂದೇ ಗಿಡದಲ್ಲಿ ಇದ್ದಾಗ. ತುಕ್ಕಿನಲ್ಲಿ ಎಲೆಯ ಅಡಿ ಇಟ್ಟಿಗೆ ಬಣ್ಣದ ಸಣ್ಣ ಗುಳ್ಳೆಗಳಿರುತ್ತವೆ, ಬೆರಳು ಆಡಿಸಿದರೆ ಪುಡಿ ಅಂಟುತ್ತದೆ, ಎಲೆ ಒಣಗಿದರೂ ಗಿಡದಲ್ಲೇ ಜೋತಾಡುತ್ತದೆ. ತಡವಾದ ಎಲೆಚುಕ್ಕೆಯಲ್ಲಿ ಅಡಿಯ ಚುಕ್ಕೆ ಕಪ್ಪಗೆ, ಎಲೆ ಉದುರಿಹೋಗುತ್ತದೆ. ಉದುರಿದ ಎಲೆಯನ್ನು ಲೆಕ್ಕಕ್ಕೆ ಹಿಡಿಯದೆ ಗಿಡದಲ್ಲಿ ಉಳಿದ ಹಸಿರು ಎಲೆ ಮಾತ್ರ ನೋಡಿ ಅಂಕ ಹಾಕಿದರೆ, ಅತಿ ಹೆಚ್ಚು ರೋಗ ಬಂದ ಸಾಲಿಗೇ ಒಳ್ಳೆಯ ಅಂಕ ಬೀಳುತ್ತದೆ! ಇದನ್ನು ಹೇಳಿಕೊಡುವವರು ಪುಸ್ತಕ ಬರೆದವರಲ್ಲ. ಇಪ್ಪತ್ತು ಮುಂಗಾರು ಆ ಸಾಲುಗಳಲ್ಲಿ ಕೂತೆದ್ದ ಕ್ಷೇತ್ರ ಸಹಾಯಕರು. “ನಮ್ಮ ಫೀಲ್ಡ್ ಅಸಿಸ್ಟಂಟು ಎಲಿ ತಿರುಗಿಸಿ ನೋಡೂದ ಕಲಿಸಿದಾಂವ. ಅಂವನ ಹೆಸರ ಎಲ್ಲಿ ಬರೀಲಿ?” ಎಂದು ಹಿರಿಯರು ಕೇಳಿದಾಗ ಸಭೆ ಸುಮ್ಮನಿತ್ತು.

ಹೆಸರುಗಳು ಕಳೆದುಹೋಗುವುದು ಯಾರ ದುರುದ್ದೇಶದಿಂದಲೂ ಅಲ್ಲ, ಬಹುಪಾಲು ಕಾಲದ ಕಾರಣಕ್ಕೆ. ಹೊಸ ತಳಿಗಾಗಿ ಎರಡು ತಳಿಗಳ ಸಂಕರ ಮಾಡಿದ ಮೇಲೆ ಆರೇಳು ತಲೆಮಾರು ಆಯ್ಕೆ, ಆಮೇಲೆ ಕೇಂದ್ರದ ಹೊಲದಲ್ಲಿ ಪರೀಕ್ಷೆ, ಬೇರೆ ಬೇರೆ ಕೇಂದ್ರಗಳಲ್ಲಿ ಬಹುಸ್ಥಳ ಪರೀಕ್ಷೆ, ರೈತರ ಹೊಲದಲ್ಲಿ ಪರೀಕ್ಷೆ. ಅಖಿಲ ಭಾರತ ಸಮನ್ವಯ ಯೋಜನೆಗೆ ಹೋದರೆ ಅಲ್ಲಿ ಮೊದಲ ಹಂತ, ಮುಂದುವರಿದ ಹಂತಗಳು ಎಂದು ಮತ್ತೆ ಕೆಲವು ವರ್ಷ. ಅದಾದ ಮೇಲೆ ಬಿಡುಗಡೆಯ ಪ್ರಸ್ತಾವ, ಸಮಿತಿ, ಕೊನೆಗೆ 1966ರ ಬೀಜ ಕಾಯ್ದೆಯಡಿ ಗೆಜೆಟ್ ಅಧಿಸೂಚನೆ. ಹತ್ತು ಹನ್ನೆರಡು ವರ್ಷ ಹೋದದ್ದೇ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಸಂಕರ ಮಾಡಿದವರು ವರ್ಗವಾಗಿರುತ್ತಾರೆ, ಆಯ್ಕೆ ಮಾಡಿದವರು ನಿವೃತ್ತರಾಗಿರುತ್ತಾರೆ. ಪ್ರಸ್ತಾವ ಬರೆಯುವಾಗ ಆ ಕುರ್ಚಿಯಲ್ಲಿ ಕೂತವರು ತಮಗೆ ನೆನಪಿದ್ದ ಹೆಸರುಗಳನ್ನು ಸೇರಿಸುತ್ತಾರೆ. ಹೀಗೆ ಹೆಸರು ಬಿಟ್ಟುಹೋದ ಇಬ್ಬರು ಅಂದು ಸಭೆಯಲ್ಲೇ ಇದ್ದರು. ದೂರಲಿಲ್ಲ. ಆದರೆ ಒಬ್ಬರು ತಮ್ಮ ಹಳೆಯ ಫೀಲ್ಡ್ ಪುಸ್ತಕ ತಂದಿದ್ದರು. ಸಂಕರ ಮಾಡಿದ ತಾರೀಖು, ಗಿಡದ ಸಂಖ್ಯೆ, ಆ ದಿನದ ಮಳೆ, ಎಲ್ಲ ಪೆನ್ಸಿಲಿನಲ್ಲಿ. ಪೆನ್ಸಿಲ್ ಯಾಕೆಂದರೆ ಹೊಲದಲ್ಲಿ ಪುಸ್ತಕ ನೆನೆದರೆ ಮಸಿ ಕದಡುತ್ತದೆ, ಪೆನ್ಸಿಲ್ ಉಳಿಯುತ್ತದೆ. ಉಳಿದಿತ್ತು.

ತಳಿವಿಜ್ಞಾನಿಯ ಸಹಿ ಬೀಳುವ ಒಂದು ಜಾಗವಿದೆ, ಬೀಜದ ಚೀಲಕ್ಕೆ ಹೊಲಿಯುವ ಚೀಟಿ. ತಳಿವಿಜ್ಞಾನಿಯ ಉಸ್ತುವಾರಿಯಲ್ಲೇ ಬೆಳೆದ ಬ್ರೀಡರ್ ಬೀಜಕ್ಕೆ ಬಂಗಾರ ಹಳದಿ ಚೀಟಿ, ಅದರಿಂದ ಬೆಳೆದ ಮೂಲ ಬೀಜಕ್ಕೆ ಬಿಳಿ, ಅದರಿಂದ ಬೆಳೆದ ಪ್ರಮಾಣಿತ ಬೀಜಕ್ಕೆ ನೀಲಿ. ಸಹಿ ಇರುವುದು ಹಳದಿಯ ಮೇಲೆ. ಪ್ರಮಾಣಿತ ಬೀಜ ಕೊಂಡ ರೈತನ ಕೈಗೆ ಬರುವುದು ನೀಲಿ ಚೀಟಿಯ ಚೀಲ, ಹಳದಿಯನ್ನು ಬಹುತೇಕ ರೈತರು ಕಣ್ಣಿಂದ ಕಂಡೇ ಇರುವುದಿಲ್ಲ. ಅದರಲ್ಲಿ ನೋವಿನ ಮಾತೇನಿಲ್ಲ. ಆದರೆ ಸನ್ಮಾನಕ್ಕೆ ಒಬ್ಬರ ಕಡತ ತಯಾರು ಮಾಡುವವರು ನೋಡಬೇಕಾದದ್ದು ಅಲ್ಲಿ: ಆ ತಳಿಯ ಬ್ರೀಡರ್ ಬೀಜಕ್ಕೆ ರಾಜ್ಯಗಳಿಂದ ವರ್ಷ ವರ್ಷ ಎಷ್ಟು ಕ್ವಿಂಟಲ್ ಇಂಡೆಂಟ್, ಅಂದರೆ ಮುಂಗಡ ಬೇಡಿಕೆ, ಬಂದಿದೆ, ಎಷ್ಟು ವರ್ಷ ಬಂದಿದೆ. ಬಿಡುಗಡೆಯಾದ ಮೇಲೆ ಒಂದು ಚೀಲಕ್ಕೂ ಬೇಡಿಕೆ ಬಾರದ ತಳಿಗಳು ಬೇಕಾದಷ್ಟಿವೆ. ಬೇಡಿಕೆ ಬಂದ ತಳಿಗೂ ಬಾರದ ತಳಿಗೂ ಪ್ರಬಂಧದ ಸಂಖ್ಯೆ ಒಂದೇ ಇರಬಹುದು. ಇಂಡೆಂಟ್ ಸುಳ್ಳು ಹೇಳುವುದಿಲ್ಲ.

ಇನ್ನು ತಳಿಯೂ ಇಲ್ಲದ, ಚೀಟಿಯೂ ಇಲ್ಲದ ಕೆಲಸ ಮಾಡಿದವರ ಗತಿ? ವಿಜಯಪುರ ಕಡೆ ವಿಸ್ತರಣೆಯಲ್ಲಿ ದುಡಿದವರು ಚೌಕು ಮಡಿಯ ಮಾತು ತೆಗೆದರು. ಎರೆ ಭೂಮಿಯಲ್ಲಿ ಹಿಂಗಾರಿ ಜೋಳ ಬಿತ್ತುವುದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಮಳೆ ಮುಗಿಯುತ್ತ ಬಂದಾಗ. ಬೆಳೆ ನಿಲ್ಲುವುದು ನೆಲದೊಳಗಿನ ಹಸಿಯ ಮೇಲೆ. ಜೂನ್-ಜುಲೈನಲ್ಲೇ ಹೊಲವನ್ನು ಇಳಿಜಾರು ನೋಡಿಕೊಂಡು 3ರಿಂದ 4.5 ಮೀಟರ್ ಚೌಕಗಳಾಗಿ, ಗೇಣೆತ್ತರದ ಏರಿ ಹಾಕಿ ಬಿಟ್ಟರೆ ಬಿದ್ದ ಮಳೆ ಓಡಿಹೋಗದೆ ಅಲ್ಲೇ ಇಂಗುತ್ತದೆ. ಇಳಿಜಾರು ಹೆಚ್ಚಾದಷ್ಟೂ ಚೌಕ ಚಿಕ್ಕದಾಗಬೇಕು. ದೊಡ್ಡದು ಮಾಡಿದರೆ ನೀರು ಕೆಳಗಿನ ಮೂಲೆಗೆ ಸೇರಿ ಏರಿ ಒಡೆಯುತ್ತದೆ, ಒಂದು ಒಡೆದರೆ ಕೆಳಗಿನ ಸಾಲೆಲ್ಲ ಒಡೆಯುತ್ತದೆ. ತಡ ಮಾಡಿದರೆ ಎರೆ ಮಣ್ಣು ಅಂಟಾಗಿ ಎತ್ತು, ಟ್ರ್ಯಾಕ್ಟರ್ ಯಾವುದೂ ಒಳಗೆ ಇಳಿಯುವುದಿಲ್ಲ. ಬಿತ್ತನೆಗೆ ಮುಂಚೆ ಕುಂಟೆ ಹೊಡೆದು ಏರಿ ಸಮ ಮಾಡಿ ಕೂರಿಗೆ ಹಿಡಿಯಬೇಕು. ವಿಜಯಪುರದಲ್ಲಿ ಒಣಬೇಸಾಯದ ಸಂಶೋಧನೆ ಶುರುವಾದದ್ದು 1930ರ ದಶಕದಲ್ಲಿ, ಅಲ್ಲಿಂದ ಇಲ್ಲಿಯವರೆಗೆ ಎಷ್ಟು ಜನ ಈ ಮಾತನ್ನು ಹೊಲದಿಂದ ಹೊಲಕ್ಕೆ ಹೊತ್ತರೋ, ಚೌಕು ಮಡಿಯ ಮೇಲೆ ಅವರಲ್ಲಿ ಒಬ್ಬರ ಹೆಸರೂ ಇಲ್ಲ. ಇಂಥವರ ಸಾಧನೆ ಬರೆಯುವಾಗ ಊರಿನ ಹೆಸರು ಬರೆಯಬೇಕು, ಎಷ್ಟು ಎಕರೆಯಲ್ಲಿ ಆಯಿತು ಎಂದು ಬರೆಯಬೇಕು, ಬರಗಾಲದ ವರ್ಷ ಪಕ್ಕದ ಹೊಲಕ್ಕೂ ಆ ಹೊಲಕ್ಕೂ ತೆನೆಯಲ್ಲಿ ಏನು ವ್ಯತ್ಯಾಸ ಕಂಡಿತು ಎಂದು ಬರೆಯಬೇಕು. ‘ರೈತರಲ್ಲಿ ಜಾಗೃತಿ ಮೂಡಿಸಿದರು’ ಎಂಬ ಒಂದು ಸಾಲಿನಿಂದ ಅವರ ಮೂವತ್ತು ವರ್ಷಕ್ಕೆ ನ್ಯಾಯ ಸಿಗುವುದಿಲ್ಲ.

ಸಭೆ ಮೂರಕ್ಕೆ ಮುಗಿಯಿತು. ಗುಂಪು ಫೋಟೋ ಆಯಿತು. ಹತ್ತಾರು ಮಂದಿ ಹತ್ತಿಯ ಹೊಲಕ್ಕೆ ಹೊರಟೆವು, ಯಾಕೆಂದರೆ ಕ್ರಾಸಿಂಗ್, ಅಂದರೆ ಕೈಯಿಂದ ಮಾಡುವ ಸಂಕರದ ಮೊದಲ ಕೆಲಸ ನೋಡಬೇಕೆಂದರೆ ಇಳಿಹೊತ್ತೇ ಸರಿ.

ಹೊಲದಲ್ಲಿ ನಾಲ್ವರು ಹೆಣ್ಣುಮಕ್ಕಳು ಕೆಲಸದಲ್ಲಿದ್ದರು. ಎಲ್ಲರಿಗಿಂತ ಹಿರಿಯಳಾದ ಯಕ್ಕ ತಲೆ ಎತ್ತದೆಯೇ ಮಾತಾಡಿದಳು. ಹೆಣ್ಣು ತಳಿಯ ಸಾಲಿನಲ್ಲಿ ನಾಳೆ ಬೆಳಿಗ್ಗೆ ಅರಳುವ ಮೊಗ್ಗನ್ನು ಇವತ್ತು ಸಂಜೆಯೇ ಗುರುತಿಸಬೇಕು. ಹಸಿರು ಹೊರ ಎಲೆಗಳಿಂದ ಕೆನೆ ಬಣ್ಣದ ದಳ ಹೊರಗೆ ಚಾಚಿ ಸುರುಳಿ ಇನ್ನೂ ಬಿಚ್ಚಿರದ ಮೊಗ್ಗು. ಅದಕ್ಕಿಂತ ಎಳೆಯದಾದರೆ ನಾಳೆಗೆ ಸಿದ್ಧವಾಗಿರುವುದಿಲ್ಲ. ಬಿಚ್ಚಿದ್ದಾದರೆ ಆಗಲೇ ತನ್ನ ಪರಾಗ ತಾನೇ ತೆಗೆದುಕೊಂಡಿರುತ್ತದೆ. ಎಡಗೈಯಲ್ಲಿ ಮೊಗ್ಗು ಹಿಡಿದು, ಬಲಗೈ ಹೆಬ್ಬೆರಳಿನ ಉಗುರನ್ನು ದಳದ ಬುಡಕ್ಕೆ ಇಳಿಸಿ, ಸುತ್ತ ಒಂದು ಗೆರೆ ಎಳೆದು, ಸ್ವಲ್ಪ ತಿರುವಿ ಮೇಲಕ್ಕೆ ಎಳೆದಳು. ದಳವೂ ಅದರೊಳಗಿನ ಕೇಸರಗಳ ಕೊಳವೆಯೂ ಒಂದೇ ಟೋಪಿಯಂತೆ ಕಳಚಿಬಂತು. ಉಳಿದದ್ದು ಹೂವಿನ ಹೆಣ್ಣು ಭಾಗವಾದ ನಡುವಿನ ಬಿಳಿ ಶಲಾಕೆ ಮಾತ್ರ, ಒಂದು ಬತ್ತಿಯ ಹಾಗೆ.

“ಉಗುರ ಭಾಳ ಆಳ ಹೋದ್ರ ಕಾಯಿ ನಿಲ್ಲಂಗಿಲ್ರಿ, ಉದರತೈತಿ. ಮ್ಯಾಲ ಮ್ಯಾಲ ಹೋದ್ರ ಹುಡಿ ಉಳೀತೈತಿ.”

ಎರಡು ತಪ್ಪನ್ನೂ ಎರಡೇ ಮಾತಿನಲ್ಲಿ ಹೇಳಿದ್ದಳು. ಒಂದೇ ಒಂದು ಪರಾಗಕೋಶ ಉಳಿದರೂ ಆ ಕಾಯಿಯಲ್ಲಿ ತಾಯಿಯದೇ ಬೀಜ ಸೇರುತ್ತದೆ, ಮುಂದೆ ಬೀಜದ ಶುದ್ಧತೆ ನೋಡಲು ಬೆಳೆಸುವ ಪರೀಕ್ಷೆಯ ಮಡಿಯಲ್ಲಿ ಬೇರೆ ಗಿಡಗಳಾಗಿ ಎದ್ದು ನಿಲ್ಲುತ್ತದೆ. ಹೊರಗಿನ ಹಸಿರು ಎಲೆಗಳನ್ನು ಕಿತ್ತರೂ ಕಾಯಿ ಉದುರುತ್ತದೆ. ಸುಲಿದ ಮೊಗ್ಗಿನ ಮೇಲೆ ಯಕ್ಕ ಕೆಂಪು ಕಾಗದದ ಸಣ್ಣ ಚೀಲ ಇಳಿಸಿದಳು. ಬೇರೆ ಪರಾಗ ಬೀಳದ ಹಾಗೆ ಕಾಯುವುದು ಅದರ ಒಂದು ಕೆಲಸ. ನಾಳೆ ಬೆಳಿಗ್ಗೆ ಹಸಿರಿನ ನಡುವೆ ದೂರದಿಂದಲೇ ಕಣ್ಣಿಗೆ ಬೀಳುವುದು ಇನ್ನೊಂದು, ಬಣ್ಣ ಕೆಂಪಾಗಿರುವುದು ಅದಕ್ಕೇ.

ಪಕ್ಕದಲ್ಲಿ, ಐದು ಮೀಟರ್ ಬಿಟ್ಟು, ಗಂಡು ತಳಿಯ ಪಟ್ಟಿ. ಬಾರ್ಬಡೆನ್ಸ್ ತಡವಾಗಿ ಹೂ ಬಿಡುವ ಜಾತಿ, ಅದಕ್ಕೇ ಅದನ್ನು ಹೆಣ್ಣಿಗಿಂತ ಮುಂಚೆ ಬಿತ್ತಿರುತ್ತಾರೆ. ಇದರಲ್ಲಿ ಲೆಕ್ಕ ತಪ್ಪಿದರೆ ಹೆಣ್ಣು ಹೂವು ತುಂಬಿರುವಾಗ ಗಂಡು ಹೂವು ಇರುವುದಿಲ್ಲ. ಹಳದಿ ದಳ, ಬುಡದಲ್ಲಿ ಕಡುಗೆಂಪು ಕಲೆ. ಮಾರನೆಯ ಬೆಳಿಗ್ಗೆ ಅದರ ಒಂದು ಹೂವನ್ನು ಕಿತ್ತು ದಳ ಹಿಂದಕ್ಕೆ ಮಡಚಿ ನಾಲ್ಕೈದು ಹೆಣ್ಣು ಹೂವುಗಳಿಗೆ ಮುಟ್ಟಿಸಬಹುದು. ಮುಟ್ಟಿಸಿದ ಮೇಲೆ ತೊಟ್ಟಿಗೆ ದಾರ ಕಟ್ಟುತ್ತಾರೆ. ಕೊಯ್ಲಿನಲ್ಲಿ ದಾರವಿದ್ದ ಕಾಯಿ ಮಾತ್ರ ಬೀಜಕ್ಕೆ. ಕ್ರಾಸಿಂಗ್ ನಿಲ್ಲಿಸಿದ ಮೇಲೆ ಹೆಣ್ಣು ಗಿಡದಲ್ಲಿ ಬರುವ ಹೊಸ ಮೊಗ್ಗು, ಹೂವು ಎಲ್ಲವನ್ನೂ ಕಿತ್ತು ಹಾಕಬೇಕು. ಈ ಕೊನೆಯ ಕೆಲಸಕ್ಕೆ ಸೋಮಾರಿತನ ಮಾಡಿದವರ ಬೀಜವೇ ಶುದ್ಧತೆಯ ಪರೀಕ್ಷೆಯಲ್ಲಿ ಬೀಳುವುದು.

ಶೇಂಗಾ ಹಿರಿಯರು ಬದುವಿನ ಮೇಲೆ ಕೂತು ಬೆಳಗಿನ ಹಾಳೆ ತೆಗೆದರು. ಹಿಂದಿನ ಖಾಲಿ ಪುಟದಲ್ಲಿ ಬರೆಯಲು ಶುರು ಮಾಡಿದರು: ಸಂಕರ ಮಾಡಿದವರು, ಅಂಕ ಹಾಕಿದವರು, ಬೀಜ ಒಣಗಿಸಿ ಡಬ್ಬಿಗೆ ಹಾಕಿಟ್ಟವರು. ಒಂದು ಹೆಸರು ನೆನಪಾಗದೆ ಪಕ್ಕದವರನ್ನು ಕೇಳಿದರು, ಅವರು ಇನ್ನೊಬ್ಬರಿಗೆ ಫೋನ್ ಮಾಡಿದರು.

ಬಿಸಿಲು ಇಳಿದಿತ್ತು. ಸಾಲಿನುದ್ದಕ್ಕೂ ಕೆಂಪು ಚೀಲಗಳು. ಯಕ್ಕ ಉಡಿಯಲ್ಲಿ ಉಳಿದ ಚೀಲಗಳನ್ನು ಎಣಿಸಿ ಗಂಟು ಕಟ್ಟಿದಳು.

“ನಾಳೆ ಎಷ್ಟಕ್ಕ ಬರ್ತೀಯವಾ?” ಎಂದು ಹಿರಿಯರು ಕೇಳಿದರು.

“ಬಿಸಲಿದ್ರ ಒಂಬತ್ತಕ್ಕ ಹುಡಿ ಬಿಡತೈತ್ರಿ. ಮೋಡ ಹಾಕಿದ್ರ ಹತ್ತು ದಾಟತೈತಿ. ನಾ ಎಂಟಕ್ಕ ಬಂದಿರ್ತೀನಿ.”