ಅದು ಹಾಗೇ ಇರುತ್ತೆ
ಮುಂದಿನ ಸಾಲಿನ ಕಿಟಕಿ ಪಕ್ಕದವರು ಗುಂಡಿ ಒತ್ತಿ ಗಗನಸಖಿಯನ್ನು ಕರೆದರು. "ಇಲ್ಲಿ ಗಾಜಿಗೆ ತೂತು ಬಿದ್ದಿದೆ ನೋಡಿ ಮೇಡಂ, ಸುತ್ತ ಐಸ್ ಬೇರೆ ಕಟ್ತಿದೆ." ಆಕೆ ಬಗ್ಗಿ ನೋಡಿ, "ಅದು ಹಾಗೇ ಇರುತ್ತೆ ಸರ್" ಎಂದು ನಕ್ಕು ಮುಂದೆ ಹೋದರು. ಮೊನ್ನೆಯಿಂದ ಆ ಮೂರು ಪದ ತಲೆಯಲ್ಲಿ ಗುಂಯ್‌ಗುಡುತ್ತಿವೆ.

ಉತ್ತರ ತಪ್ಪಲ್ಲ, ಸೋಮಾರಿ ಉತ್ತರ. ಇನ್ನೊಂದರ್ಧ ನಿಮಿಷ ನಿಂತಿದ್ದರೆ ಆ ಮನುಷ್ಯ ದಾರಿಯುದ್ದಕ್ಕೂ ಬೆರಳಿನಿಂದ ಕಿಟಕಿ ಒತ್ತಿಹಿಡಿದು ಕೂರುತ್ತಿರಲಿಲ್ಲ. ಒತ್ತಿದ್ದೂ ದಂಡ. ಕೈಗೆ ಸಿಗುವುದು ಒಳಗಿನ ತೆಳು ಹಾಳೆ. ಗೀರು, ಗುದ್ದು ಬಿದ್ದರೆ ಇದಕ್ಕೇ ಬೀಳಲಿ ಎಂದು ಇಟ್ಟಿದ್ದು. ಅದರಾಚೆ ಎರಡು ದಪ್ಪ ಹಾಳೆಗಳಿವೆ, ಗಾಜಿನವಲ್ಲ, ಅಕ್ರಿಲಿಕ್ ಎಂಬ ಗಟ್ಟಿ ಪ್ಲಾಸ್ಟಿಕ್‌ನವು. ತೂತು ಇರುವುದು ನಡುವಿನದಕ್ಕೆ.

11 ಕಿ.ಮೀ. ಎತ್ತರದಲ್ಲಿ ಹೊರಗಿನ ಒತ್ತಡ ನೆಲದ ಮೇಲಿನದರ ಕಾಲುಭಾಗಕ್ಕಿಂತ ಕಡಿಮೆ. ಒಳಗಿನ ಗಾಳಿ ಒಂದೊಂದು ಕಿಟಕಿಯನ್ನೂ ಸುಮಾರು ಅರ್ಧ ಟನ್ ಬಲದಿಂದ ಹೊರಕ್ಕೆ ತಳ್ಳುತ್ತಿರುತ್ತದೆ. ತೂತಿನಿಂದಾಗಿ ನಡುವಿನ ಹಾಳೆಯ ಎರಡೂ ಬದಿ ಒಂದೇ ಒತ್ತಡ, ಭಾರವೆಲ್ಲ ಹೊರಗಿನದಕ್ಕೆ. ಹೊರಗಿನದು ಒಡೆದರೆ ನಡುವಿನದು ತಡೆದುಕೊಳ್ಳುತ್ತದೆ. ಆಗ ತೂತಿನಿಂದ ಸೋರುವಷ್ಟು ಗಾಳಿ ವಿಮಾನಕ್ಕೆ ಲೆಕ್ಕಕ್ಕೇ ಇಲ್ಲ. ಹೊರಗೆ ಮೈನಸ್ 56 ಡಿಗ್ರಿ. ಕ್ಯಾಬಿನ್ನಿನ ತೇವ ತೂತಿನಿಂದ ಸಂದಿಗೆ ಸುಳಿದು, ಹೊರಹಾಳೆಗೆ ತಾಗಿದಲ್ಲೇ ಹೆಪ್ಪುಗಟ್ಟಿ ಹೂವಿನಂಥ ಹರಳಾಗುತ್ತದೆ.

ನಿಜಕ್ಕೂ ಕಾಡಿದ್ದು ಇದಲ್ಲ. ಹಾರುವ ಮೊದಲು ಅದೇ ಕಿಟಕಿಯಿಂದ ರೆಕ್ಕೆ ಕಾಣುತ್ತಿತ್ತು, ಹಿಮ ಬೀಳುತ್ತಿತ್ತು. ಆಗ ಯಾರೂ ಗುಂಡಿ ಒತ್ತಲಿಲ್ಲ. ಫೋನು ಹಿಡಿದು ಕಿತ್ತಳೆ ಬಣ್ಣದ ದ್ರವ ಎರಚುವುದನ್ನು ವಿಡಿಯೊ ಮಾಡಿಕೊಂಡರು, ಅಷ್ಟೇ.

ಆ ಕಿತ್ತಳೆಯದು ನೀರು ಹೆಪ್ಪುಗಟ್ಟದಂತೆ ತಡೆಯುವ ಗ್ಲೈಕಾಲ್ ಬೆರೆಸಿದ ಬಿಸಿ ದ್ರವ, 60 ಡಿಗ್ರಿಗೂ ಮೇಲೆ ಕಾಯಿಸಿದ್ದು. ಕೂತ ಹಿಮ ತೊಳೆಯುವುದು ಅದರ ಮುಖ್ಯ ಕೆಲಸ. ಹಿಮ ಇನ್ನೂ ಬೀಳುತ್ತಿದ್ದರೆ ಮೇಲಿಂದ ಹಸಿರು ಬಣ್ಣದ ಮಂದ ದ್ರವ ಹಾಕುತ್ತಾರೆ. ಅದು ರೆಕ್ಕೆಗೆ ಅಂಟಿಕೊಂಡು ಬೀಳುವ ಹಿಮವನ್ನು ಕರಗಿಸುತ್ತ, ರನ್‌ವೇಯಲ್ಲಿ ವೇಗ ಏರಿದಾಗ ತಾನೇ ಜಾರಿಹೋಗುತ್ತದೆ. ಆದರೆ ಅದಕ್ಕೂ ಗಡುವಿದೆ. ಚಳಿ, ಹಿಮದ ರಭಸ ನೋಡಿ ನಿಮಿಷಗಳ ಲೆಕ್ಕ. ಸರದಿ ಉದ್ದವಾಗಿ ಗಡುವು ಮೀರಿದರೆ ಮತ್ತೆ ಎರಚಿಸಬೇಕು. ಗುರುತು ಸುಲಭ: ಹೊಳಪು ಮಾಸಿ, ಬಿದ್ದ ಹಿಮ ಕರಗದೆ ಬೆಳ್ಳಗೆ ಕೂರತೊಡಗಿದರೆ ದ್ರವ ಸೋತಿದೆ ಎಂದರ್ಥ. ಕೆಲವೊಮ್ಮೆ ಪೈಲಟ್ಟೇ ಎದ್ದುಬಂದು ಪ್ರಯಾಣಿಕರ ಕಿಟಕಿಯಿಂದ ಇಣುಕಿ ನೋಡುವುದು ಇದಕ್ಕೇ. ಮರಳುಕಾಗದದಷ್ಟು ಒರಟು ಮಂಜು ಕೂತರೂ ಸಾಕು, ಎತ್ತುವ ಬಲ 30 ಶೇಕಡಾದವರೆಗೆ ಕುಸಿಯಬಹುದು. ರೆಕ್ಕೆಯ ಅಡಿಯಲ್ಲಿ, ತಣ್ಣಗಾದ ಇಂಧನದ ಟ್ಯಾಂಕ್ ಇರುವಲ್ಲಿ, ತೆಳು ಮಂಜಿಗೆ ಸಾಮಾನ್ಯವಾಗಿ ವಿನಾಯಿತಿ ಉಂಟು. ಮೇಲ್ಮೈಗೆ ಇಲ್ಲ.

1989ರ ಮಾರ್ಚ್ 10ರಂದು ಕೆನಡಾದ ಡ್ರೈಡನ್‌ನಲ್ಲಿ ಫಾಕರ್ ವಿಮಾನವೊಂದು ರೆಕ್ಕೆ ಮೇಲಿನ ಹಿಮ ತೆಗೆಸದೆ ಹೊರಟಿತು. ಪ್ರಯಾಣಿಕರ ನಡುವೆ ಇಬ್ಬರು ಪೈಲಟ್‌ಗಳೇ ಕೂತಿದ್ದರು. ಅವರೂ ಹಿಮ ಕಂಡರು, ಗಗನಸಖಿಯೂ ಕಂಡರು. ಕಾಕ್‌ಪಿಟ್‌ಗೆ ಮಾತ್ರ ಯಾರೂ ಹೇಳಲಿಲ್ಲ. ಇದ್ದ 69 ಜನರಲ್ಲಿ 24 ಮಂದಿ ಸತ್ತರು. "ಅದು ಹಾಗೇ ಇರುತ್ತೆ" ಎಂದು ಅಲ್ಲಿ ಯಾರೂ ಬಾಯಿಬಿಟ್ಟು ಹೇಳಬೇಕಾಗಿಯೇ ಬರಲಿಲ್ಲ, ನೋಡಿ.

ಅದಕ್ಕೇ ತೂತಿನ ಬಗ್ಗೆ ಕೇಳಿದವರನ್ನು ನೋಡಿ ಹಿಂದಿನ ಸಾಲಿನಲ್ಲಿ ಇಬ್ಬರು ಕಿಸಕ್ಕೆಂದದ್ದು ಸರಿಕಾಣಲಿಲ್ಲ. ಇಡೀ ವಿಮಾನದಲ್ಲಿ ಕಿಟಕಿಯಲ್ಲಿ ಕಂಡದ್ದನ್ನು ಬಾಯಿಬಿಟ್ಟು ಹೇಳಿದವರು ಅವರೊಬ್ಬರೇ. ಕೆಳಗಿಳಿಯುತ್ತ ಹೊರಗಿನ ಚಳಿ ತಗ್ಗಿದಂತೆ ಹರಳು ಅಂಚಿನಿಂದ ಕರಗತೊಡಗಿತು. ಅವರು ಬೆರಳು ತೆಗೆದದ್ದು ಆಗಲೇ.